ಬೀದರಕ್ಕೆ ಬಂದ ಪರದೇಶಿ



ರಾಜಧಾನಿಯನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದದ್ದು. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗಂತೂ ಅದು ಬಾಲ್ಯದಿಂದಲೂ ಬೆನ್ನು ಹತ್ತಿದ ಹಂಬಲ. ಆದರೆ ಅಲ್ಲಿಗೆ ಹೋದ ಮೇಲೆ ನೋಡಬೇಕಾದುದು ಯಾವುದು, ನೋಡಿದುದರಲ್ಲಿ ನೆನಪಿಟ್ಟು ಬರೆದಿಡಬೇಕಾದುದು ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಈ ಸಂಜೆ ಆ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಒಂದು ನೆವವನ್ನು ಹುಡುಕಿಕೊಂಡು ತಮ್ಮ ಮುಂದೆ ಬಂದಿದ್ದೇವೆ. ಐದೂವರೆ ಶತಮಾನಗಳ ಹಿಂದೆ ನಮ್ಮ ಬೀದರವು ರಾಜಧಾನಿಯಾಗಿದ್ದಾಗ ಅದನ್ನು ನೋಡಿಹೋದ ಒಬ್ಬ ಪರದೇಶಿಯೇ ಆ ನೆವ.

ನಮ್ಮ ಊರು ಜನವಾಡ. ಬೀದರದಿಂದ ಔರಾದಿನ ಕಡೆಗೆ ಹೋಗುವ ದಾರಿಯಲ್ಲಿದೆ. ಬೀದರ ನಗರವು ಕೆಂಪು ಮುರಕಲ್ಲಿನ ಎತ್ತರದ ನೆಲದ ಮೇಲೆ ಕುಳಿತಿದೆ. ಆ ನೆಲದ ಅಂಚನ್ನು ಇಳಿದು ಬಂದರೆ ಕಪ್ಪು ಭೂಮಿ. ತೊಗರಿ, ಉದ್ದು, ಜೋಳಗಳ ಹೊಲ. ಇನ್ನೂ ಮುಂದೆ ಮಾಂಜ್ರಾ ನದಿ. ಹೆಸರಿನಲ್ಲಿಯೇ ಜನವನ್ನು ಇಟ್ಟುಕೊಂಡಿರುವ ಊರಾದರೂ ಯಾವ ಚರಿತ್ರೆಯ ಪುಸ್ತಕದಲ್ಲಿಯೂ ಅದರ ಜನದ ಹೆಸರನ್ನು ನಾವು ಕಂಡಿಲ್ಲ. ನಾವು ಆ ಪರದೇಶಿಯ ಕಥೆಯನ್ನು ಮೊದಲು ಓದಿದುದು ಇಂಗ್ಲಿಷಿನಲ್ಲಿ. ಅವನ ಬರಹವು 1857ರಲ್ಲಿ ಹಕ್ಲೂಟ್ ಸೊಸೈಟಿಯವರ ಒಂದು ಗ್ರಂಥದಲ್ಲಿ ಇಂಗ್ಲಿಷಿಗೆ ಬಂತು. ರಜೆಯಲ್ಲಿ ಊರಿಗೆ ಹೋದಾಗ ಅದರ ಸಾರವನ್ನು ತಾಯಿಯವರಿಗೆ ಹೇಳಿದೆವು. ಆನೆ, ಕುದುರೆ, ಅರಮನೆ ಎಲ್ಲವನ್ನೂ ಸಾವಧಾನವಾಗಿ ಕೇಳಿದ ಮೇಲೆ ಅವರು ಕೇಳಿದುದು ಒಂದೇ ಮಾತು: “ಅಂವ ನಮ್ಮ ಊರಿಗಿ ಬಂದಿದ್ದನೇನಪ್ಪಾ?”

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರಕ್ಕಾಗಿ ಪುಸ್ತಕವನ್ನು ಮತ್ತೆ ತೆರೆಯಬೇಕಾಯಿತು.

ಆ ಪರದೇಶಿಯ ಹೆಸರು ಅಫನಾಸಿ ನಿಕಿತಿನ್. ರಷ್ಯಾ ದೇಶದ ವೋಲ್ಗಾ ನದಿಯ ದಂಡೆಯ ಮೇಲಿರುವ ತ್ವೇರ್ ಎಂಬ ಪಟ್ಟಣದ ವರ್ತಕ. ಅವನು ಅರಸನ ರಾಯಭಾರಿಯಲ್ಲ, ಪಂಡಿತನಲ್ಲ, ಧರ್ಮಪ್ರಚಾರಕನೂ ಅಲ್ಲ. ನಾಲ್ಕು ಕಾಸು ಗಳಿಸಿ ಊರಿಗೆ ಮರಳಬೇಕೆಂದು ಹೊರಟ ಸಾಧಾರಣ ವ್ಯಾಪಾರಿ. ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದುದು 1498ರಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಿಕಿತಿನ್ ನಮ್ಮ ದಖನ್ನಿನಲ್ಲಿ ಓಡಾಡುತ್ತಿದ್ದುದು ಅದಕ್ಕೂ ಸುಮಾರು ಇಪ್ಪತ್ತೈದು ವರ್ಷಗಳ ಮುಂಚೆ, 1470ರ ಆಸುಪಾಸಿನಲ್ಲಿ. ವೋಲ್ಗಾ ನದಿಯಲ್ಲಿ ಸರಕು ತುಂಬಿಕೊಂಡು ಇಳಿದು ಬರುತ್ತಿದ್ದಾಗ ಅಸ್ತ್ರಖಾನಿನ ಬಳಿ ತಾತಾರರು ಅವನನ್ನು ದೋಚಿದರು. ಸರಕಿನೊಡನೆ ಅವನ ಧರ್ಮಗ್ರಂಥಗಳೂ ಹೋದುವು. ಬರಿಗೈಯಲ್ಲಿ ಊರಿಗೆ ಹಿಂದಿರುಗಿದರೆ ಸಾಲಗಾರರ ಮುಖ ನೋಡಬೇಕು. ಹೀಗಾಗಿ ಅವನು ಮುಂದಕ್ಕೇ ನಡೆದನು. ದೆರ್ಬೆಂತ್, ಬಾಕು, ಪಾರಸಿಕ ದೇಶ, ಹೋರ್ಮುಜ್ ಎಂದು ದಾರಿ ಬೆಳೆಯುತ್ತ ಹೋಯಿತು. ಹಿಂದೂಸ್ಥಾನದಲ್ಲಿ ಕುದುರೆಗೆ ಬಹಳ ಬೆಲೆ ಬರುತ್ತದೆಂದು ತಿಳಿದು ಒಂದು ಗಂಡು ಕುದುರೆಯನ್ನು ಹಡಗಿಗೆ ಏರಿಸಿ ಕಡಲು ದಾಟಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು.

ಅಲ್ಲಿಂದ ಘಟ್ಟವನ್ನು ಹತ್ತಿ ಜುನ್ನರಿಗೆ ಬರುವ ಹೊತ್ತಿಗೆ ಆ ಕುದುರೆಗಾಗಿ ಅವನಿಗೆ 100 ರೂಬಲ್ ವೆಚ್ಚವಾಗಿತ್ತು. ಜುನ್ನರಿನಲ್ಲಿ ಮಳೆಗಾಲದ ಎರಡು ತಿಂಗಳ ವಾಸ. ಆ ಮಳೆಯಲ್ಲಿ ಅವನು ಕೈಕಟ್ಟಿ ಕುಳಿತಿರದೆ ಸುತ್ತಲೂ ನೋಡಿದನು. ನಮ್ಮ ಜನ ಮಳೆಗಾಲದಲ್ಲಿ ಉಳುವುದನ್ನೂ ಬಿತ್ತುವುದನ್ನೂ ಬರೆದಿಟ್ಟನು. ತಾನು ಎಲ್ಲಿಗೆ ಹೋದರೂ ಜನ ತನ್ನ ಬಿಳಿಯ ಮೈಬಣ್ಣವನ್ನು ನೋಡಿ ಬೆರಗಾಗಿ ಹಿಂದೆ ಹಿಂದೆ ಬರುತ್ತಿದ್ದರೆಂಬುದನ್ನೂ ಅವನು ಬರೆಯದೆ ಬಿಟ್ಟಿಲ್ಲ. ಊರನ್ನು ನೋಡಲು ಬಂದವನನ್ನು ಊರೇ ನೋಡುತ್ತಿತ್ತು! ಜುನ್ನರಿನ ಅಧಿಕಾರಿಯು ಅವನ ಕುದುರೆಯನ್ನು ಕಸಿದುಕೊಂಡನು. ಇಸ್ಲಾಮಿಗೆ ಸೇರಿದರೆ ಕುದುರೆಯ ಜೊತೆಗೆ 1000 ಹೊನ್ನನ್ನೂ ಕೊಡುವೆನೆಂದೂ, ಇಲ್ಲವಾದರೆ ಕುದುರೆಯೂ ಹೋಯಿತು, ಮೇಲೆ ಅಷ್ಟೇ ಹೊನ್ನನ್ನು ಅವನೇ ತೆರಬೇಕೆಂದೂ ಹೇಳಿ ನಾಲ್ಕು ದಿನಗಳ ಗಡುವನ್ನು ಕೊಟ್ಟನು. ಗಡುವು ಮುಗಿಯುವ ಮುನ್ನ ಖುರಾಸಾನಿನ ಒಬ್ಬ ಖೋಜನು ನಡುವೆ ಬಂದು ಅಧಿಕಾರಿಗೆ ಹೇಳಿ ಅವನ ಧರ್ಮವನ್ನೂ ಕುದುರೆಯನ್ನೂ ಉಳಿಸಿಕೊಟ್ಟನು. ಆ ಮುಸಲ್ಮಾನ ಗೃಹಸ್ಥನ ಉಪಕಾರವನ್ನು ನಿಕಿತಿನ್ ಭಗವಂತನ ಕೃಪೆಯೆಂದೇ ಎಣಿಸಿದ್ದಾನೆ.

ಹೀಗೆ ಕುದುರೆಯೊಡನೆ ಅವನು ಬಂದು ಮುಟ್ಟಿದ ಬೀದರ ಎಂಥದು? ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಹನು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಕಲಬುರಗಿಯಿಂದ ತನ್ನ ರಾಜಧಾನಿಯನ್ನು ಬೀದರಕ್ಕೆ ತಂದನು. ಬಂಡೆಯನ್ನೇ ಕಡಿದು ಮಾಡಿದ ಮೂರು ಸುತ್ತಿನ ಕಂದಕವನ್ನು ಇಂದಿಗೂ ನಾವು ಕೋಟೆಯ ಬಾಗಿಲಲ್ಲಿ ನೋಡಬಹುದು. ನಿಕಿತಿನ್ ಬಂದಾಗ ಸಿಂಹಾಸನದ ಮೇಲಿದ್ದವನು ಮೂರನೆಯ ಮುಹಮ್ಮದ್ ಷಹ; ಅವನಿಗೆ ಇಪ್ಪತ್ತು ವರ್ಷ ವಯಸ್ಸೆಂದು ನಿಕಿತಿನ್ ಹೇಳುತ್ತಾನೆ. ರಾಜ್ಯದ ಭಾರವನ್ನು ಹೊತ್ತಿದ್ದವನು ಮಂತ್ರಿ ಮಹಮೂದ್ ಗವಾನ್. ಈ ಗವಾನನೂ ಪರದೇಶಿಯೇ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬೀದರಕ್ಕೆ ಬಂದವನು. ವರ್ತಕರ ಒಡೆಯ ಎಂಬ ಅರ್ಥದ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದೇ ಅವನಿಗಿತ್ತು. ಒಬ್ಬ ವ್ಯಾಪಾರಿ ಮಂತ್ರಿಯಾಗಿದ್ದ ನಗರಕ್ಕೆ ಇನ್ನೊಬ್ಬ ವ್ಯಾಪಾರಿ ಒಂದೇ ಒಂದು ಕುದುರೆಯನ್ನು ಹಿಡಿದುಕೊಂಡು ಬಂದನು.

ನಗರದ ಸಂಭ್ರಮವನ್ನು ಅವನು ಕಣ್ಣು ತುಂಬ ನೋಡಿದನು. ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಿನಲ್ಲಿಯೂ 100 ಮಂದಿ ಕಾವಲುಗಾರರು, 100 ಮಂದಿ ಕರಣಿಕರು. ಒಳಗೆ ಹೋಗುವವರ ಹೆಸರನ್ನು ಕೆಲವರು ಬರೆದುಕೊಂಡರೆ, ಹೊರಗೆ ಬರುವವರ ಹೆಸರನ್ನು ಉಳಿದವರು ಬರೆದುಕೊಳ್ಳುವರು. ಪರದೇಶಿಗಳಿಗೆ ಮಾತ್ರ ಪ್ರವೇಶವಿಲ್ಲ. ಅರಮನೆಯ ಕಲ್ಲುಕಲ್ಲಿನಲ್ಲಿಯೂ ಕೆತ್ತನೆ, ಚಿನ್ನದ ಬಣ್ಣ. ರಾತ್ರಿಯ ಹೊತ್ತು ಕೊತವಾಲನ 1000 ಮಂದಿ ಕವಚ ತೊಟ್ಟು, ಪಂಜು ಹಿಡಿದು, ಕುದುರೆಯ ಮೇಲೆ ನಗರವನ್ನು ಕಾಯುವರು. ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಿತೆಂದರೆ ಉಕ್ಕಿನ ಕವಚ ತೊಟ್ಟ 300 ಆನೆ, ಚಿನ್ನದ ಸಜ್ಜಿನ 1000 ಕುದುರೆ, ನಗಾರಿ ಹೊತ್ತ 100 ಒಂಟೆ, 300 ಮಂದಿ ಕಹಳೆಯವರು. ಸಂಖ್ಯೆಗಳು ಅವನವು, ಬೀದಿಯ ಬದಿಯಲ್ಲಿ ನಿಂತು ಎಣಿಸಿದವನ ಲೆಕ್ಕ ಸ್ವಲ್ಪ ಹಿಗ್ಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅದರ ಹಿಂದಿರುವ ಬೆರಗು ಸುಳ್ಳಲ್ಲ. ಬೀದರದಿಂದ ಹನ್ನೆರಡು ಹರದಾರಿಯ ಮೇಲೆ ಆಳಂದದಲ್ಲಿ ಷೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕೂಡುವ ಹತ್ತು ದಿನದ ಜಾತ್ರೆಯನ್ನೂ, ಅಲ್ಲಿ 20,000 ಕುದುರೆಗಳು ಮಾರಾಟವಾಗುವುದನ್ನೂ ಅವನು ಹೇಳಿದ್ದಾನೆ. ಅವನ ಹರದಾರಿ ನಮ್ಮ ಇಂದಿನ ಹರದಾರಿಗಿಂತ ಉದ್ದವಾದದ್ದು.

ಹೀಗಿದ್ದರೂ ವ್ಯಾಪಾರದಲ್ಲಿ ಅವನಿಗೆ ದೊರೆತುದು ನಿರಾಶೆ. ಹಿಂದೂಸ್ಥಾನಕ್ಕೆ ಹೋದರೆ ಬೇಕಾದ ಸರಕು ಸಿಗುತ್ತದೆಂದು ದಾರಿಯಲ್ಲಿ ಸಿಕ್ಕ ವರ್ತಕರು ಅವನಿಗೆ ಆಸೆ ಹುಟ್ಟಿಸಿದ್ದರು. ಬಂದು ನೋಡಿದರೆ ಅವನ ದೇಶಕ್ಕೆ ಒಗ್ಗುವ ಸರಕೇ ಇಲ್ಲಿಲ್ಲ. ಮೆಣಸು, ಬಣ್ಣಗಳು ಅಗ್ಗವೇನೋ ಹೌದು, ಆದರೆ ದಾರಿಯ ಸುಂಕವೂ ಕಡಲುಗಳ್ಳರ ಭಯವೂ ವಿಪರೀತ. ಬೀದರದ ಪೇಟೆಯಲ್ಲಿ ಕುದುರೆ, ರೇಷ್ಮೆ, ಜರತಾರಿ ಬಟ್ಟೆಗಳ ಜೊತೆಗೆ ಮನುಷ್ಯರನ್ನೂ ಗುಲಾಮರನ್ನಾಗಿ ಮಾರುತ್ತಿದ್ದರೆಂಬುದನ್ನು ಅವನು ಮುಚ್ಚಿಡಲಿಲ್ಲ. ನಮ್ಮ ಹಿಂದಿನ ವೈಭವವನ್ನು ಹಾಡಿ ಹೊಗಳುವಾಗ ನಾವೂ ಅದನ್ನು ಮರೆಯಬಾರದು. ತನ್ನ ಕುದುರೆಯನ್ನು ಅವನು ಬಹುಕಾಲ ಸಾಕಿ, ಮೇವಿಗೆ ಹಣ ಸುರಿದು, ಕಡೆಗೆ ಬೀದರದಲ್ಲಿಯೇ ಮಾರಿದನು. ವ್ಯಾಪಾರವೆಂಬ ದೃಷ್ಟಿಯಿಂದ ನೋಡಿದರೆ ಅವನ ಪ್ರವಾಸ ನಷ್ಟದ ಬಾಬು.

ಇಲ್ಲಿ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಅರಮನೆಯ ಏಳು ಬಾಗಿಲುಗಳಲ್ಲಿ ಕುಳಿತು ಹಗಲಿರುಳು ಬರೆದ ಆ ಕರಣಿಕರ ಕಡತಗಳು ಇಂದು ಯಾರ ಕೈಗೂ ಸಿಗುವುದಿಲ್ಲ. ಯಾವನನ್ನು ಆ ಬಾಗಿಲುಗಳು ಒಳಗೆ ಬಿಡಲಿಲ್ಲವೋ ಅವನು ಹೊರಗೆ ನಿಂತು ಬರೆದುಕೊಂಡ ನಾಲ್ಕು ಹಾಳೆಗಳು ಉಳಿದಿವೆ.

ಒಳಗೆ ಬಿಡದಿದ್ದುದೇ ಒಳ್ಳೆಯದಾಯಿತೆಂದು ನಮಗೆ ತೋರುತ್ತದೆ. ಅರಮನೆಯ ಅತಿಥಿಯಾಗಿದ್ದರೆ ಅವನು ಅರಮನೆಯನ್ನಷ್ಟೇ ನೋಡುತ್ತಿದ್ದನೋ ಏನೋ. ಹೊರಗೆ ಉಳಿದುದರಿಂದ ಅವನಿಗೆ ಜನರ ಸಹವಾಸ ಒದಗಿತು. ಈ ಕಡೆಯಲ್ಲಿ ಅವನು ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರನ್ನು ಇಟ್ಟುಕೊಂಡು ಓಡಾಡುತ್ತಿದ್ದನು. ಬೀದರದಲ್ಲಿ ಪರಿಚಯವಾದ ಹಿಂದುಗಳಿಗೆ ಮಾತ್ರ ಅವನು ನಿಜವನ್ನು ಹೇಳಿದನು: ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ಹೆಸರು ಅಫನಾಸಿ ಎಂದು. ಅವನು ಮನಸ್ಸನ್ನು ಬಿಚ್ಚಿದ ಮೇಲೆ ಅವರೂ ಮನೆಯ ಬಾಗಿಲನ್ನು ತೆರೆದರು. ತಮ್ಮ ಊಟ, ವ್ಯಾಪಾರ, ಪೂಜೆಗಳಲ್ಲಿ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಹೆಂಗಸರನ್ನೂ ಒಳಗೆ ಅಡಗಿಸಲಿಲ್ಲ. ಬಲಗೈಯಲ್ಲಿಯೇ ಉಣ್ಣುವುದು, ಚಮಚ ಮುಟ್ಟದಿರುವುದು, ಒಂದು ಜಾತಿಯವರು ಇನ್ನೊಂದು ಜಾತಿಯವರೊಡನೆ ಉಣ್ಣದಿರುವುದು—ಎಲ್ಲವನ್ನೂ ಅವನು ಹತ್ತಿರದಿಂದ ಕಂಡನು. ಅವರೊಡನೆಯೇ ಒಂದು ತಿಂಗಳ ದಾರಿ ನಡೆದು ಶಿವರಾತ್ರಿಗೆ ಶ್ರೀಶೈಲದ ಪರ್ವತಕ್ಕೂ ಹೋಗಿ ಬಂದನು. ನಮ್ಮ ಕಡೆಯಿಂದ ಇಂದಿಗೂ ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರುಂಟು. ಆ ದಾರಿಯಲ್ಲಿ ರಷ್ಯಾದವನೊಬ್ಬನು ನಮ್ಮವರೊಡನೆ ಹೆಜ್ಜೆ ಹಾಕಿದ್ದನೆಂಬುದು ಸಾಮಾನ್ಯವಾದ ಸಂಗತಿಯೆ?

ಇಷ್ಟು ಹತ್ತಿರ ಬಂದುದರಿಂದಲೇ ಅವನ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಅವನು ಬರೆಯುವುದರ ತಾತ್ಪರ್ಯ ಇಷ್ಟು: ಈ ದೇಶದಲ್ಲಿ ಜನ ಬಹಳ, ಹಳ್ಳಿಗಾಡಿನವರು ಕಡುಬಡವರು, ಸರದಾರರಾದರೋ ಬಹು ಶ್ರೀಮಂತರು, ಭೋಗಿಗಳು. ಆ ಸರದಾರರನ್ನು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೊತ್ತು ತಿರುಗುತ್ತಾರೆ. ಮುಂದೆ ಚಿನ್ನದ ಸಜ್ಜಿನ ಕುದುರೆಗಳು, ಹಿಂದೆ ನೂರಾರು ಮಂದಿ ಸವಾರರು, ಕಾಲಾಳುಗಳು, ವಾದ್ಯದವರು.

ನಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನಮಗೆ ಆಗ ಹೊಳೆಯಿತು. ಜನವಾಡದ ಹೆಸರನ್ನು ಅವನು ಬರೆದಿಲ್ಲ. ನಮ್ಮ ಊರಿಗೆ ಬಂದನೆಂದು ಹೇಳಲು ಆಧಾರವೂ ಇಲ್ಲ. ಆದರೆ ಅವನು ಹಳ್ಳಿಯವರನ್ನು ನೋಡಿದ್ದನು. 300 ಆನೆಗಳಿಗೆ ಮೇವು ಎಲ್ಲಿಂದ ಬಂತು? ಕೊತವಾಲನ 1000 ಕುದುರೆಗಳು ತಿಂದ ಕಾಳು ಯಾರ ಹೊಲದ್ದು? ಬೀದರದ ಎತ್ತರದ ನೆಲದ ಮೇಲೆ ಅದು ಬೆಳೆಯುವುದಿಲ್ಲ. ಕೆಳಗಿನ ಕಪ್ಪು ಭೂಮಿಯಿಂದ ಬಂಡಿಯ ಮೇಲೆ ಏರಿ ಬರಬೇಕು. ರಾಜಧಾನಿಯ ಬೀದಿಯಲ್ಲಿ ನಿಂತು ಮೆರವಣಿಗೆಯನ್ನು ನೋಡುತ್ತಿದ್ದವನು ಅದೇ ಬರಹದಲ್ಲಿ ಆ ಬಂಡಿಯ ಕಡೆಗೂ ಒಮ್ಮೆ ತಿರುಗಿ ನೋಡಿದನಲ್ಲ, ಅದೇ ಅವನ ಹೆಚ್ಚುಗಾರಿಕೆ. ಮಹಮೂದ್ ಗವಾನನೂ ಈ ಮಾತನ್ನು ಅರಿಯದವನಲ್ಲ. ಹಳ್ಳಿಗಳ ಎಲ್ಲೆಯನ್ನು ಗುರುತಿಸಿ ಭೂಮಿಯನ್ನು ಅಳೆಸಿ ಕಂದಾಯವನ್ನು ಕ್ರಮಪಡಿಸಲು ಅವನು ಯತ್ನಿಸಿದನು. ಸರದಾರರ ಅಧಿಕಾರವನ್ನು ಮೊಟಕು ಮಾಡಿದನು. ಅದರ ಫಲವನ್ನೂ ಉಂಡನು. ವಿರೋಧಿಗಳು ಒಂದು ಕಳ್ಳ ಪತ್ರವನ್ನು ಸೃಷ್ಟಿಸಿ ಸುಲ್ತಾನನ ಕಿವಿ ಕಚ್ಚಿದರು. 1481ರಲ್ಲಿ ಅವನ ತಲೆಯನ್ನು ಹೊಡೆದರು. ಅವನು 1472ರಲ್ಲಿ ಕಟ್ಟಿಸಿದ ಮದರಸೆಯು, ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಹೊತ್ತಿ ಅರ್ಧ ಕುಸಿದಿದ್ದರೂ, ಒಂಟಿ ಮಿನಾರನ್ನು ಎತ್ತಿಕೊಂಡು ಬೀದರದ ನಡುವೆ ಇಂದಿಗೂ ನಿಂತಿದೆ.

ರಾಜಧಾನಿಯ ಪಟ್ಟವಾದರೋ ಬೀದರದಲ್ಲಿ ನಿಲ್ಲಲಿಲ್ಲ. ಬಹಮನಿಗಳ ಕೆಳಗೆ ತೆಲಂಗಾಣವನ್ನು ಆಳುತ್ತಿದ್ದ ಕುಲಿ ಕುತುಬ್-ಉಲ್-ಮುಲ್ಕನು ಗೋಲಕೊಂಡದಲ್ಲಿ ಸ್ವತಂತ್ರನಾದನು. ಅವನ ವಂಶದವನು 1591ರಲ್ಲಿ ಚಾರಮಿನಾರನ್ನು ಕಟ್ಟಿಸಿ ಹೈದರಾಬಾದನ್ನು ಬೆಳೆಸಿದನು. ಮುಂದೆ ನಿಜಾಮರ ಕಾಲದಲ್ಲಿ ಹೈದರಾಬಾದೇ ನಮ್ಮ ರಾಜಧಾನಿಯಾಯಿತು. 1948ರಲ್ಲಿ ನಿಜಾಮರ ಆಳಿಕೆ ಮುಗಿದು, 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯವನ್ನು ಸೇರಿದ ಮೇಲೆ ಬೆಂಗಳೂರು ನಮ್ಮ ರಾಜಧಾನಿ. ಆದರೂ ಬೆಂಗಳೂರು ನಮಗೆ ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದು ಅದರ ಐದರಲ್ಲೊಂದು ಪಾಲು. ಆಸ್ಪತ್ರೆಗೆ, ಮದುವೆಯ ಬಟ್ಟೆಗೆ, ಕೂಲಿಗೆ ನಮ್ಮ ಜನ ಇಂದಿಗೂ ಹಿಡಿಯುವುದು ಹೈದರಾಬಾದಿನ ದಾರಿಯನ್ನೇ. ನಮ್ಮ ಕಡೆ “ಶಹರಕ್ಕೆ ಹೋಗಿದ್ದಾನೆ” ಎಂದರೆ ಯಾವ ಶಹರವೆಂದು ಯಾರೂ ಕೇಳುವುದಿಲ್ಲ.

ನಿಕಿತಿನ್ನನನ್ನು ಓದಿ ತಿಳಿದ ನಾವು ಆ ಶಹರವನ್ನು ಹೇಗೆ ನೋಡಿದೆವೆಂಬುದನ್ನು ಸಂಕೋಚದಿಂದಲೇ ತಮ್ಮಲ್ಲಿ ನಿವೇದಿಸಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ರಜೆಯಲ್ಲಿ ಹೈದರಾಬಾದಿಗೆ ಹೋಗಿ ಮೂರು ದಿನ ಇದ್ದೆವು. ಚಾರಮಿನಾರಿನ ಮೆಟ್ಟಿಲನ್ನು ಹತ್ತಿದೆವು. ಲಾಡ ಬಜಾರಿನ ಬಳೆಯಂಗಡಿಗಳ ಮಿಂಚನ್ನು ನೋಡಿದೆವು. ಇರಾನಿ ಚಹಾ ಕುಡಿದೆವು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ನಮ್ಮ ಬೀದರದ ಬಿದರಿ ಹೂಜಿಗಳನ್ನು ಗಾಜಿನ ಹಿಂದೆ ಕಂಡು ಹೆಮ್ಮೆಪಟ್ಟೆವು. ಮೂಸಿಯ ಸೇತುವೆಯ ಮೇಲೆ ನಿಂತು 1908ರ ಮಹಾಪೂರವನ್ನೂ, ಅದರ ತರುವಾಯ ನಗರವನ್ನು ರಕ್ಷಿಸುವ ಯೋಜನೆಯನ್ನು ಹಾಕಿಕೊಟ್ಟ ನಮ್ಮ ವಿಶ್ವೇಶ್ವರಯ್ಯನವರನ್ನೂ ನೆನೆದೆವು. ಎಲ್ಲವನ್ನೂ ದಿನಚರಿಯಲ್ಲಿ ಬರೆದುಕೊಂಡೆವು.

ಮೂರನೆಯ ದಿನ ನಗರದ ಹೊಸ ಬಡಾವಣೆಯ ಕಡೆ ಹೋಗಿ, ಮುಗಿಲು ಮುಟ್ಟುವಂತೆ ಏಳುತ್ತಿದ್ದ ಒಂದು ಕಟ್ಟಡದ ಮುಂದೆ ತಲೆಯೆತ್ತಿ ನಿಂತು ಮಹಡಿಗಳನ್ನು ಎಣಿಸುತ್ತಿದ್ದೆವು. ಹಿಂದಿನಿಂದ ಯಾರೋ ಕನ್ನಡದಲ್ಲಿ ಕರೆದರು. ತಿರುಗಿ ನೋಡಿದರೆ ಸಿಮೆಂಟಿನ ಧೂಳಿನಲ್ಲಿ ಮುಖವೇ ಗುರುತು ಸಿಗದಂತಾಗಿದ್ದ ಒಬ್ಬ ಹಿರಿಯರು. ನಮ್ಮ ಓಣಿಯವರೇ! ಬೇಸಗೆಯಲ್ಲಿ ಹೊಲದಲ್ಲಿ ಕೆಲಸವಿಲ್ಲದೆ ಮನೆಯವರೊಡನೆ ಅಲ್ಲಿಗೆ ದುಡಿಯಲು ಬಂದಿದ್ದರು.

“ಏನ್ರಿ ಮಾಸ್ತರ್ರ, ಈ ಕಡಿಗಿ ಎತ್ತ ಬಂದ್ರಿ?” ಎಂದರು.

“ಶಹರ ನೋಡಲಾಕ ಬಂದೀವಿ, ಕಾಕಾ” ಎಂದೆವು.

“ನೋಡ್ರಿ, ನೋಡ್ರಿ. ನಾವು ಕಟ್ಟಲಾಕ ಹತ್ತೀವಿ, ನೀವು ನೋಡ್ರಿ” ಎಂದು ನಕ್ಕರು.

ಆ ನಗುವಿನಲ್ಲಿ ಕುಹಕವೇನೂ ಇರಲಿಲ್ಲ. ತಗಡಿನ ಗುಡಿಸಿಲಿಗೆ ಕರೆದುಕೊಂಡು ಹೋಗಿ, ಕಾಕುವಿನ ಕೈಯಿಂದ ಚಹಾ ಮಾಡಿಸಿ ಕೊಟ್ಟರು. ಊರಿನಲ್ಲಿ ಮಳೆಯ ಸುದ್ದಿ ಏನು, ತೊಗರಿಯ ಧಾರಣೆ ಏನು, ಮಗನ ಪರೀಕ್ಷೆಯ ಫಲ ಬಂದಿತೇ ಎಂದು ವಿಚಾರಿಸಿದರು. ಆ ಮಗ ನಮ್ಮ ಕಾಲೇಜಿನ ವಿದ್ಯಾರ್ಥಿ. ನಮ್ಮ ತರಗತಿಯಲ್ಲಿಯೇ ಕೂಡುವವನು. ಅವನ ತಂದೆತಾಯಿ ವರ್ಷದಲ್ಲಿ ನಾಲ್ಕು ತಿಂಗಳು ಎಲ್ಲಿರುತ್ತಾರೆಂದು ನಾವು ಒಂದು ದಿನವೂ ಕೇಳಿರಲಿಲ್ಲ. ಮೂರು ದಿನ ನಗರವನ್ನು ಸುತ್ತಿದ ನಾವು ಅಂಥ ಎಷ್ಟು ಕಟ್ಟಡಗಳ ಮುಂದೆ ಹಾದುಹೋಗಿದ್ದೆವೋ! ಅಲ್ಲೆಲ್ಲ ನಮ್ಮ ಕಣ್ಣು ಮೇಲಿನ ಮಹಡಿಯನ್ನು ನೋಡುತ್ತಿತ್ತೇ ಹೊರತು ಕೆಳಗೆ ಬುಟ್ಟಿ ಹೊತ್ತವರನ್ನು ನೋಡಿರಲಿಲ್ಲ. ಅಂದು ರಾತ್ರಿ ದಿನಚರಿಯನ್ನು ತೆರೆದು ನೋಡಿದೆವು. ಎರಡು ದಿನಗಳ ಬರಹದಲ್ಲಿ ಗೋಪುರಗಳಿದ್ದುವು, ಇಸವಿಗಳಿದ್ದುವು, ತಿಂಡಿಯ ಹೆಸರುಗಳಿದ್ದುವು. ಮನುಷ್ಯರು ಒಬ್ಬರೂ ಇರಲಿಲ್ಲ. ಭಾಷೆ ಬಾರದ, ಬಂಧುಗಳಿಲ್ಲದ, ದೋಚಿಸಿಕೊಂಡು ಬಂದ ತ್ವೇರಿನ ವರ್ತಕನಿಗೆ ಕಂಡದ್ದು ಜನವಾಡದಲ್ಲಿಯೇ ಹುಟ್ಟಿದ ನಮಗೆ ಕಾಣದೆ ಹೋಯಿತು.

ಹಳೆಯ ಕಟ್ಟಡಗಳನ್ನು ನೋಡುವುದು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಬೀದರಕ್ಕೆ ತಾವು ಬರಬೇಕು. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿರುವ ಕುಸುರಿಯನ್ನು ನೋಡಬೇಕು. ಅಷ್ಟೂರಿನ ಗುಂಬಜುಗಳನ್ನು ನೋಡಬೇಕು. ನೌಬಾದಿನ ಬಳಿ ನೆಲದೊಳಗೆ ಸುರಂಗ ತೋಡಿ ನೀರನ್ನು ಹರಿಸಿದ ಜಾಣ್ಮೆಯನ್ನು ನೋಡಬೇಕು. ಆದರೆ ಕಂದಕದ ಅಂಚಿನಲ್ಲಿ ನಿಂತಾಗ, ಇದನ್ನು ಕಟ್ಟಿಸಿದವನು ಯಾರು ಎಂದು ಕೇಳುವುದರ ಜೊತೆಗೆ ಇದನ್ನು ಕಡಿದವರು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು. ಮೊದಲನೆಯ ಪ್ರಶ್ನೆಗೆ ಶಾಸನಗಳಲ್ಲಿ ಉತ್ತರವುಂಟು. ಎರಡನೆಯದಕ್ಕೆ ಉತ್ತರ ಹುಡುಕಬೇಕಾದವರು ಪ್ರವಾಸಿಗಳಾದ ನಾವು.

ನಿಕಿತಿನ್ ತನ್ನ ಊರನ್ನು ಮತ್ತೆ ಕಾಣಲಿಲ್ಲ. ಸುಮಾರು ಮೂರು ವರ್ಷ ಇಲ್ಲಿ ಕಳೆದು, ದಾಭೋಳದಲ್ಲಿ ಹಡಗನ್ನು ಹತ್ತಿ, ಪಾರಸಿಕ ದೇಶವನ್ನೂ ಕಪ್ಪು ಸಮುದ್ರವನ್ನೂ ದಾಟಿ, ತನ್ನ ನೆಲವನ್ನು ಸಮೀಪಿಸಿ, ಸ್ಮೊಲೆನ್ಸ್ಕ್ ಎಂಬ ಪಟ್ಟಣವನ್ನು ತಲುಪುವ ಮುನ್ನವೇ ತೀರಿಕೊಂಡನು. ಅವನು ಬರೆದಿದ್ದ ಹಾಳೆಗಳನ್ನು ವರ್ತಕರು 1475ರಲ್ಲಿ ಮಾಸ್ಕೋ ನಗರಕ್ಕೆ ಮುಟ್ಟಿಸಿದರು. ಮೂರು ಸಮುದ್ರಗಳ ಆಚೆಯ ಪಯಣವೆಂದು ಅದಕ್ಕೆ ಹೆಸರು. ದೋಚಿದವರ ಕೈಯಲ್ಲಿ ಪಂಚಾಂಗವನ್ನೂ ಕಳೆದುಕೊಂಡಿದ್ದ ಅವನಿಗೆ ತನ್ನ ಹಬ್ಬಗಳು ಯಾವಾಗ ಬಂದುವು, ಯಾವಾಗ ಹೋದುವು ಎಂಬುದೂ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಅವನು ಎಷ್ಟೋ ಕಡೆ ಹಲುಬಿದ್ದಾನೆ. ಪರರ ಹಬ್ಬದ ಸಂಭ್ರಮವನ್ನು ನೋಡುತ್ತ ತನ್ನ ಮನೆಯನ್ನು ನೆನೆದು ಮರುಗಿದವನಾದ ಕಾರಣ, ಆ ಸಂಭ್ರಮದಲ್ಲಿ ಪಾಲಿಲ್ಲದೆ ಬದಿಯಲ್ಲಿ ನಿಂತ ಇತರರೂ ಅವನ ಕಣ್ಣಿಗೆ ಬಿದ್ದರೆಂದು ನಾವು ಭಾವಿಸುತ್ತೇವೆ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ತಾಯಿಯವರಿಗೆ ಹೇಳಿದೆವು: ಅವನು ನಮ್ಮ ಊರಿಗೆ ಬಂದನೋ ಇಲ್ಲವೋ ತಿಳಿಯದು, ಆದರೆ ನಮ್ಮಂಥವರು ಇದ್ದರೆಂದು ಬರೆದಿಟ್ಟಿದ್ದಾನೆ, ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಬಂದಂಗೇ ಆಯ್ತು ಬಿಡು” ಎಂದರು.

ತಾವೂ ಯಾವುದಾದರೊಂದು ರಾಜಧಾನಿಗೆ ಪ್ರಯಾಣ ಹೊರಡುವ ಸಂದರ್ಭ ಬಂದರೆ ಈ ಪರದೇಶಿಯನ್ನು ಒಮ್ಮೆ ನೆನೆಯಬೇಕೆಂದು ಬೇಡಿಕೊಂಡು ನಮ್ಮ ಭಾಷಣವನ್ನು ಮುಗಿಸುತ್ತೇವೆ.